ಹಗ್ಗದಂಚಿನ ಬಿಲ್ಲೆ

ಸೊಂಟ ಎರಡು ಇಂಚು ದಪ್ಪವಾಗಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಅವನಿಗೆ ಮೂರು ವಾರ ಬೇಕಾಯಿತು. ಅಷ್ಟು ದಿನವೂ ಒಗೆದು ಒಗೆದು ಪ್ಯಾಂಟು ಕುಗ್ಗಿದೆ ಎಂದೇ ವಾದ ಹೂಡಿದ. ಹೆಂಡತಿ ಮೊದಮೊದಲು ನಕ್ಕಳು. ಆಮೇಲೆ ನಗುವುದನ್ನೂ ಬಿಟ್ಟು, ಒಂದು ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಳು. "ಬಟ್ಟೆ ಕುಗ್ಗತ್ತೆ, ಒಪ್ಪಿದೆ. ಬೆಲ್ಟೂ ಕುಗ್ಗತ್ತೇನ್ರೀ?" ಎಂದಳು. ಹಳೆಯ ಯುದ್ಧಗಳ ಪದಕ, ಬಿಲ್ಲೆ, ಗುಂಡಿಗಳನ್ನು ಕೊಂಡು ಮಾರುವ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಕೂತು, ಇದು ಅಸಲು, ಇದು ನಕಲು ಎಂದು ಹೇಳಿ ಸಂಬಳ ತಿಂದವನು ಅವನು. ಬೆಲ್ಟಿನ ಮೂರನೆಯ ತೂತು ಸವೆದು ಉದ್ದವಾಗಿದ್ದದ್ದು, ನಾಲ್ಕನೆಯದರ ಸುತ್ತ ಹೊಸ ಗೆರೆ ಮೂಡಿದ್ದು ಅವನ ಕಣ್ಣಿಗೆ ಬೀಳಲಿಲ್ಲವೆಂದರೆ ಯಾರು ನಂಬುತ್ತಾರೆ. ಬಿದ್ದಿತ್ತು. ಬಿದ್ದದ್ದನ್ನು ನೋಡಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವುದು ಅವನಿಗೆ ಹೊಸದೇನಲ್ಲ.

ಕೆಲಸ ಬಿಟ್ಟು ಎರಡು ವರ್ಷವಾದರೂ ಕೈಯ ಚಾಳಿ ಹೋಗಿರಲಿಲ್ಲ. ಯಾರ ಮನೆಗೆ ಹೋದರೂ ಕಾಫಿಯ ಬಟ್ಟಲನ್ನು ಎತ್ತಿ ತಳ ನೋಡುವುದು, ಉಡುಗೊರೆ ಕೊಟ್ಟರೆ ಮೊದಲು ತಿರುಗಿಸಿ ಬೆನ್ನು ನೋಡುವುದು. ಬಿಲ್ಲೆ ನೋಡುವ ಕ್ರಮವೇ ಹಾಗೆ. ಮೊದಲು ಹಿಂಬದಿ, ಆಮೇಲೆ ಅಂಚು, ಎಲ್ಲದರ ಕೊನೆಗೆ ಮುಖ. ಮುಖ ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ; ನಕಲು ಮಾಡುವವನು ಸೋಮಾರಿತನ ತೋರಿಸುವುದು ಬೆನ್ನಿನಲ್ಲಿ. "ಊಟ ಮಾಡಿ, ತಟ್ಟೆ ತಿರುಗಿಸಿ ನೋಡ್ಬೇಡಿ, ಚೆಲ್ಲತ್ತೆ" ಎಂದು ಹೆಂಡತಿ ನೆಂಟರ ಮುಂದೆಯೇ ಅಂದುಬಿಡುತ್ತಿದ್ದಳು. ಅಂಗಡಿಯಲ್ಲಿ ಅವನಿಗೆ ಭೂತಗನ್ನಡಿ ಎಂದು ಅಡ್ಡಹೆಸರು. ಕಪ್ಪು ದಾರ ಕಟ್ಟಿದ ಒಂದು ಸಣ್ಣ ಗಾಜು ಯಾವಾಗಲೂ ಕೊರಳಲ್ಲಿ ತೂಗುತ್ತಿತ್ತು. ಈಗ ಅದು ಕೊರಳಿನಿಂದ ಇಳಿದು ಅಂಗಿಯ ಜೇಬು ಸೇರಿತ್ತು. ಮನೆಯಲ್ಲಿ ಬಿಟ್ಟು ಹೊರಟರೆ ಚಪ್ಪಲಿ ಇಲ್ಲದೆ ನಡೆದ ಹಾಗೆ ಅನಿಸುತ್ತಿತ್ತು. ಆ ಮಧ್ಯಾಹ್ನವೂ ಬೀದಿಯ ತಿರುವಿನಲ್ಲಿ ಒಮ್ಮೆ ನಿಂತು ಜೇಬು ಮುಟ್ಟಿ ನೋಡಿಕೊಂಡ. ಬಿಸಿಲು ಹಿತವಾಗಿತ್ತು, ರಸ್ತೆಯಲ್ಲಿ ಜನ ಕಡಿಮೆ. ಆದರೂ ಬೆಳಗಿನಿಂದ ಮನಸ್ಸಿಗೆ ಏನೋ ಕಿರಿಕಿರಿ. ಏನು ಎಂದು ಹುಡುಕಿದರೆ ಸಿಗುತ್ತಿರಲಿಲ್ಲ, ಹುಡುಕದಿದ್ದರೆ ಬಿಡುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಎಷ್ಟೋ ದಿನ ಹೀಗೇ ಶುರುವಾಗುತ್ತಿದ್ದವು.

ಯಾವಾಗಲೂ ಹೋಗುತ್ತಿದ್ದ ದರ್ಜಿ ಕಣ್ಣು ಸರಿ ಕಾಣುವುದಿಲ್ಲವೆಂದು ಅಂಗಡಿ ಮುಚ್ಚಿದ್ದ. ಹೆಂಡತಿ ಯಾರನ್ನೋ ಕೇಳಿ ಈ ಹೊಸ ವಿಳಾಸ ಬರೆದುಕೊಟ್ಟಿದ್ದಳು. ಚಾವಿ ಮಾಡುವವನ ಅಂಗಡಿಯ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು, ಮೇಲೆ ಹೋದರೆ ಒಂದೇ ಉದ್ದನೆಯ ಕೋಣೆ. ಐವತ್ತರ ಆಚೆಗಿನ ಹೆಂಗಸು ಯಂತ್ರದ ಮುಂದೆ ಕೂತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ. ಅವನನ್ನು ನೋಡಿ, ಒಂದು ಕ್ಷಣ ಅವನ ಕೊರಳ ಕಡೆ ಕಣ್ಣು ಹಾಯಿಸಿ, ಸೂಜಿಗಳನ್ನು ತೆಗೆದು ತೋಳಿಗೆ ಕಟ್ಟಿಕೊಂಡಿದ್ದ ಬಟ್ಟೆಯ ಉಂಡೆಗೆ ಚುಚ್ಚಿ ಎದ್ದಳು. ಚೀಲದ ಪ್ಯಾಂಟನ್ನು ನೋಡಿದಳು, ಅವನನ್ನು ನೋಡಿದಳು, ಟೇಪು ಸುತ್ತಿದಳು. ಹೊಟ್ಟೆ ಒಳಗೆಳೆದುಕೊಂಡು ನಿಂತ. "ಉಸಿರು ಬಿಡಿ ಸರ್. ನಾನೇನೂ ಯಾರಿಗೂ ಹೇಳಲ್ಲ" ಎಂದಳು. ಬಿಟ್ಟ. ಟೇಪು ಎರಡೂವರೆ ಇಂಚು ಜಾರಿತು. ಅವಳು ಸಂಖ್ಯೆಯನ್ನು ಗಟ್ಟಿಯಾಗಿ ಹೇಳದೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡದ್ದಕ್ಕೆ ಅವನಿಗೆ ಕೃತಜ್ಞತೆಯೇ ಅನಿಸಿತು. "ಹಾಕ್ಕೊಂಡಿರೋದೂ ಬಿಗಿಯಾಗಿದೆಯಲ್ಲ. ಅದನ್ನೂ ಕೊಡಿ. ಅರ್ಧ ಗಂಟೆ ಕೂತ್ರೆ ಎರಡೂ ಮಾಡಿ ಕೊಡ್ತೀನಿ." ಬೇಡ, ನಾಳೆ ತರುತ್ತೇನೆ ಎಂದು ಹೇಳಬೇಕೆಂದುಕೊಂಡ. ಅವಳು ಆಗಲೇ ಅಸ್ತರಿನ ಉದ್ದನೆಯ ನೀಲಿ ತುಂಡೊಂದನ್ನು ಕೈಗೆ ಕೊಟ್ಟು, ಕಿಟಕಿಯ ಪಕ್ಕದ ಮೂಲೆಗೆ ಇಳಿಬಿಟ್ಟಿದ್ದ ಪರದೆಯನ್ನು ತೋರಿಸಿದ್ದಳು.

ಹೀಗೆ ಅವನು, ಅರವತ್ತೆರಡು ವರ್ಷದವನು, ಸೊಂಟಕ್ಕೆ ನುಣುಪಾದ ನೀಲಿ ಬಟ್ಟೆ ಸುತ್ತಿಕೊಂಡು, ಕಾಲುಚೀಲ ಹಾಕಿಕೊಂಡೇ, ಪರದೆಯ ಹಿಂದಿನ ಸ್ಟೂಲಿನ ಮೇಲೆ ಕುಳಿತ. ಬಟ್ಟೆ ಜಾರುತ್ತಿತ್ತು, ಒಂದು ಕೈ ಗಂಟಿನ ಮೇಲೆಯೇ ಇರಬೇಕು. ಆಚೆ ಹೊಲಿಗೆ ಬಿಚ್ಚುವ ಸದ್ದು, ಸಣ್ಣಗೆ, ಚಿಟ್ ಚಿಟ್ ಎಂದು. ಹೆಂಡತಿ ಈಗ ನೋಡಿದ್ದರೆ ವಾರವಿಡೀ ನಗುತ್ತಿದ್ದಳು. ಕಿಟಕಿಯ ಹಲಗೆಯ ಮೇಲೆ ಕಂದು ಕಾಗದದ ಅಳತೆಯ ನಕ್ಷೆಗಳ ಕಟ್ಟು: ತೋಳು, ಕಾಲರು, ಬೆನ್ನು. ಗಾಳಿಗೆ ಹಾರದಿರಲೆಂದು ಅದರ ಮೇಲೆ ಒಂದು ಭಾರ. ಅವನು ಅದನ್ನು ನೋಡಿದ. ನೋಡಿ, ಕಣ್ಣು ತೆಗೆದು, ಕಿಟಕಿಯಾಚೆ ಎದುರು ಮನೆಯ ನೀರಿನ ಕೊಳವೆಯನ್ನು ನೋಡಿದ. ಮತ್ತೆ ಇದನ್ನು ನೋಡಿದ. ಕಪ್ಪು ಹಿಡಿದ ಹಿತ್ತಾಳೆಯ ಟೋಪಿ ಬಿಲ್ಲೆ. ಮೂರು ದೋಣಿ, ಮೇಲೆ ಹಲಗೆಯ ಸೇತುವೆ, ಸುತ್ತಲೂ ಅಂಚಿಗೆ ಹಗ್ಗ. ಸೇತುವೆ ಕಟ್ಟುವ ದಳದ್ದು. ಆ ಬಿಲ್ಲೆಯನ್ನು ತಿರುಗಿಸದೆಯೇ ಅದರ ಬೆನ್ನಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಮೂಲ ಪಿನ್ನು ಇರುವುದಿಲ್ಲ. ಅದರ ಜಾಗದಲ್ಲಿ ತಾಮ್ರದ ತಂತಿಯನ್ನು ಬಾಗಿಸಿ ಕೈಯಲ್ಲೇ ಬೆಸುಗೆ ಹಾಕಿರುತ್ತಾರೆ. ತಿರುಗಿಸಿದ. ಇತ್ತು.

"ಇಲ್ಲೊಂದು ಬಿಲ್ಲೆ ಇದೆಯಲ್ಲ" ಎಂದ, ಪರದೆಗೆ.

"ಓ, ಅದಾ. ಅಪ್ಪಂದು. ಮಿಲಿಟ್ರೀಲಿದ್ರಂತೆ." ಯಂತ್ರ ಒಂದು ಸಾಲು ಓಡಿ ನಿಂತಿತು. "ಅಂತೆ, ಅಷ್ಟೇ. ಬಿಲ್ಲೆ ಡೂಪ್ಲಿಕೇಟು. ಭಾರ ಮಾತ್ರ ಅಸಲಿ. ಫ್ಯಾನು ಎಷ್ಟು ಜೋರಾಗಿ ತಿರುಗಿದ್ರೂ ಕಾಗದ ಅಲ್ಲಾಡಲ್ಲ."

"ಡೂಪ್ಲಿಕೇಟು ಅಂತ ಯಾರು ಹೇಳಿದ್ರು?"

"ಗೊತ್ತಿದ್ದವರು ಹೇಳಿದ್ರು."

ಹನ್ನೊಂದು ವರ್ಷದ ಹಿಂದಿನ ಮಾತು. ಅವಳ ಮುಖ ಅವನಿಗೆ ನೆನಪಿರಲಿಲ್ಲ, ಈಗ ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತರೂ ಗುರುತು ಹತ್ತಿರಲಿಲ್ಲ. ಅವನಿಗೆ ಜನ ನೆನಪಿರುವುದು ಅವರು ತಂದ ವಸ್ತುವಿನಿಂದ. ಕನ್ನಡಕದ ಡಬ್ಬಿಯಲ್ಲಿ ಬಿಲ್ಲೆ ಇಟ್ಟುಕೊಂಡು ಬಂದಿದ್ದ ಹೆಂಗಸು. ಊಟದ ಹೊತ್ತು ಕಳೆದಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ದೀಪದ ಕೆಳಗೆ ಬಿಲ್ಲೆಯನ್ನು ಇಟ್ಟುಕೊಂಡ. ತಳತಳ ಹೊಳೆಯುತ್ತಿತ್ತು, ಹೊಸ ಚಮಚದ ಹಾಗೆ. ಸೇತುವೆಯ ಹಲಗೆಗಳ ನಡುವೆ ಗೆರೆ ಕಾಣುತ್ತಿರಲಿಲ್ಲ, ದೋಣಿಗಳು ಮೊಂಡಾಗಿದ್ದವು, ಹಗ್ಗದ ಹುರಿ ನುಣ್ಣಗಾಗಿ ಬರಿಯ ಉಬ್ಬಾಗಿತ್ತು. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯಲ್ಲಿ ಗೆರೆಗಳು ಚೂಪಾಗಿರುತ್ತವೆ. ಅದನ್ನು ಮಾದರಿಯಾಗಿಟ್ಟುಕೊಂಡು ಎರಕ ಹೊಯ್ದ ನಕಲಿನಲ್ಲಿ ಎಲ್ಲವೂ ಹೀಗೆ ಮೊಂಡಾಗುತ್ತದೆ. ಬೆನ್ನು ನೋಡಿದರೆ ತಂತಿಯ ಪಿನ್ನು. ಅವಳು ಏನೋ ಹೇಳುತ್ತಿದ್ದಳು. ಅಪ್ಪ ಸೇತುವೆ ದಳದಲ್ಲಿದ್ದರು, ಕಾಗದಪತ್ರದ ಪೆಟ್ಟಿಗೆ ಮನೆ ಬದಲಿಸುವಾಗ ಕಳೆದುಹೋಯಿತು, ಚಿಕ್ಕಪ್ಪ ಎಲ್ಲರ ಮುಂದೆ ಇವನು ಯುದ್ಧದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಎಂದು ಹಂಗಿಸುತ್ತಾರೆ, ಅವರ ಬಾಯಿ ಮುಚ್ಚಿಸಬೇಕು, ಅಪ್ಪನಿಗೆ ಹೇಳದೆ ತಂದಿದ್ದೇನೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಥೆ ಕೇಳಬಾರದು, ವಸ್ತು ನೋಡಬೇಕು ಎಂಬುದು ಅಂಗಡಿಯ ನಿಯಮ. ನಮೂನೆಯ ಕಾಗದದಲ್ಲಿ ಹಿಂಬದಿ, ಅಂಚು, ಮುಖ ಎಂಬ ಮೂರು ಸಾಲಾದ ಮೇಲೆ 'ಜೊತೆಗೆ ಬಂದ ಮಾತು' ಎಂದು ಒಂದು ಖಾಲಿ ಜಾಗವಿರುತ್ತಿತ್ತು. ಮೂವತ್ತೆರಡು ವರ್ಷವೂ ಅವನು ಅಲ್ಲಿ ಒಂದು ಅಡ್ಡಗೆರೆ ಎಳೆದಿದ್ದ. "ಎರಕದ್ದು" ಎಂದು ಬಿಲ್ಲೆಯನ್ನು ಒಂದೇ ಬೆರಳಿನಿಂದ ಮೇಜಿನ ಮೇಲೆ ಅವಳ ಕಡೆ ತಳ್ಳಿದ. "ಇನ್ನೊಂದ್ಸಲ ನೋಡ್ತೀರಾ?" ಎಂದಳು. "ಒಂದ್ಸಲ ನೋಡಿದ್ರೆ ಸಾಕು ನಮಗೆ" ಎಂದ. ಬೆರಳಿನಿಂದ ತಳ್ಳಿದ್ದು ಮಾತ್ರ ಅವನಿಗೆ ಚೆನ್ನಾಗಿ ನೆನಪಿತ್ತು. ಕೈಯಲ್ಲಿ ಎತ್ತಿ ಕೊಡಬಹುದಿತ್ತು.

ಅದಕ್ಕೆ ಹಿಂದಿನ ವಾರ ಹಲ್ಲಿನ ಡಾಕ್ಟರು ಬಂದಿದ್ದರು. ಅಂಗಡಿಯ ಹಳೆಯ ಗಿರಾಕಿ. ಬಿಲ್ಲೆ ಕೂಡಿಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ನಾಲ್ಕು ಜನ ಕೂತಿರುವಾಗಲೇ ಜೇಬಿನಿಂದ ಒಂದು ಬಿಲ್ಲೆ ತೆಗೆದು, ಅವನೇ ಅಸಲು ಎಂದು ಸಹಿ ಹಾಕಿಕೊಟ್ಟಿದ್ದನ್ನು, ಮೇಜಿನ ಮೇಲೆ ಇಟ್ಟರು. ಹಲ್ಲು ನೋಡುವ ಪುಟ್ಟ ದುಂಡು ಕನ್ನಡಿಯನ್ನು ಅದರ ಮಗ್ಗುಲಿಗೆ ಹಿಡಿದು, "ಇಲ್ಲಿ ನೋಡಿ. ಎರಕದ ಗುಳ್ಳೆ. ಹುಳುಕು ಹಲ್ಲಿನಲ್ಲಿ ತೂತು ಇರತ್ತಲ್ಲ, ಹಾಗೆ. ಸ್ವಲ್ಪ ಬಾಯಿ ಅಗಲಿಸಿ ನೋಡ್ಬೇಕಿತ್ತು ನೀವು" ಎಂದರು. ಎಲ್ಲರೂ ನಕ್ಕರು. ಡಾಕ್ಟರು ಕೆಟ್ಟವರಲ್ಲ, ತಮಾಷೆಗೇ ಅಂದದ್ದು. ಅವನೂ ನಕ್ಕ. ಯಜಮಾನರು ನಗಲಿಲ್ಲ. ಆಮೇಲೆ ಕರೆದು ಬೈಯಲೂ ಇಲ್ಲ, "ಸಂಶಯ ಬಂದ್ರೆ ಇಲ್ಲ ಅಂದ್ಬಿಡಿ. ಇಲ್ಲ ಅಂದಿದ್ದಕ್ಕೆ ಯಾರೂ ವಾಪಸ್ ಬಂದು ಕೇಳಲ್ಲ" ಎಂದರು, ಅಷ್ಟೇ. ಅವತ್ತಿನಿಂದ ಅವನಿಗೆ ಪ್ರತಿಯೊಂದರಲ್ಲೂ ಗುಳ್ಳೆಗಳೇ ಕಾಣತೊಡಗಿದವು. ಆ ಎರಡು ಮೂರು ತಿಂಗಳು ಅವನು ಇಲ್ಲ ಎಂದದ್ದೇ ಎಂದದ್ದು. ಯಜಮಾನರು ಹೇಳಿದ್ದು ಸರಿಯಾಗಿತ್ತು. ಯಾರೂ ವಾಪಸ್ ಬರಲಿಲ್ಲ. ತಲೆ ತಗ್ಗಿಸಿ, ತಂದದ್ದನ್ನು ಡಬ್ಬಿಯಲ್ಲೋ ಕರವಸ್ತ್ರದಲ್ಲೋ ಸುತ್ತಿಕೊಂಡು, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋದರು. ಹೆದರಿಕೆಗೆ ಎಚ್ಚರಿಕೆ ಎಂಬ ಹೆಸರು ಇಟ್ಟುಕೊಂಡು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಈಗ ಬಿಸಿಲು ಕಿಟಕಿಯಿಂದ ಓರೆಯಾಗಿ ಬರುತ್ತಿತ್ತು. ಬಿಲ್ಲೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಮೇಲಿನಿಂದ ಬೀಳುವ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ ಎಂದು ಹೊಸಬರಿಗೆ ಪಾಠ ಹೇಳಿಕೊಡುತ್ತಿದ್ದವನು ಅವನೇ. ಅವತ್ತು ಬಿಲ್ಲೆಯನ್ನು ಎತ್ತಿ ಕಿಟಕಿಯವರೆಗೆ ಹೋಗಲು ಎಂಟು ಹೆಜ್ಜೆ ಇತ್ತು. ಹೋಗಿರಲಿಲ್ಲ. ಒಂದು ಕೈಯಲ್ಲಿ ನೀಲಿ ಬಟ್ಟೆಯ ಗಂಟು ಹಿಡಿದುಕೊಂಡೇ ಜೇಬಿನಿಂದ ಗಾಜು ತೆಗೆದು ಕಣ್ಣಿಗೊತ್ತಿಕೊಂಡ. ಹಗ್ಗದ ಉಬ್ಬಿನ ಮೇಲ್ಭಾಗ ನುಣ್ಣಗಿತ್ತು, ನಿಜ. ಆದರೆ ಉಬ್ಬು ಇಳಿದು ಬಿಲ್ಲೆಯ ಮೈಗೆ ಸೇರುವ ಸಂದಿಯಲ್ಲಿ, ಬೆರಳು ಹೋಗದ, ಬಟ್ಟೆ ಹೋಗದ ಜಾಗದಲ್ಲಿ, ಹುರಿಯ ಗೆರೆಗಳು ಒಂದೊಂದೂ ಬಿಡಿಸಿಟ್ಟ ಹಾಗೆ ಇದ್ದವು. ಚೂಪಾಗಿ. ದೋಣಿಗಳ ಕೆಳಗೆ ನೀರಿನ ಅಲೆಗಳು. ಹಲಗೆಗಳ ನಡುವಿನ ಸಂದಿಯ ತಳದಲ್ಲಿ ಎರಡು ಮೊಳೆಯ ತಲೆ. ಎರಕದಲ್ಲಿ ಇದು ಸಾಧ್ಯವೇ ಇಲ್ಲ. ಎರಕದಲ್ಲಿ ಮೇಲೂ ಮೊಂಡು, ಸಂದಿಯೂ ಮೊಂಡು. ಇದು ಅಚ್ಚಿನಲ್ಲಿ ಒತ್ತಿದ್ದು. ಒತ್ತಿದ ಮೇಲೆ ಒಬ್ಬ ಮನುಷ್ಯ ಅದನ್ನು ತಿಕ್ಕಿದ್ದಾನೆ, ವಾರ ವಾರವೂ, ನಲವತ್ತೋ ಐವತ್ತೋ ವರ್ಷ, ಬಿಟ್ಟೂಬಿಡದೆ, ಹೆಮ್ಮೆಯಿಂದ. ತಾನು ಸೈನಿಕನಾಗಿದ್ದೆ ಎನ್ನುವುದಕ್ಕೆ ಅವನಲ್ಲಿದ್ದ ಒಂದೇ ಸಾಕ್ಷಿಯನ್ನು ತನ್ನ ಕೈಯಾರೆ ತಿಕ್ಕಿ ತಿಕ್ಕಿ ನಕಲಿನ ಹಾಗೆ ಮಾಡಿಟ್ಟಿದ್ದಾನೆ.

ಮತ್ತು ಒಂದು ದಿನ ತಿಕ್ಕುವುದನ್ನು ನಿಲ್ಲಿಸಿದ್ದಾನೆ. ಅದೂ ಲೋಹದಲ್ಲಿ ಕಾಣುತ್ತಿತ್ತು. ಮೇಲೆ ಕೂತಿದ್ದ ಕಪ್ಪು ಹತ್ತು ಹನ್ನೊಂದು ವರ್ಷಗಳದ್ದು, ಹೆಚ್ಚಿಲ್ಲ. ಆ ಕಪ್ಪು ಸಂದಿಗಳಲ್ಲಿ ಇಳಿದಿದ್ದರಿಂದಲೇ ಈಗ ಗೆರೆಗಳು ಇಷ್ಟು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಅವನು ಗಾಜನ್ನು ಕಣ್ಣಿನಿಂದ ಇಳಿಸಿದ.

"ನಿಮ್ಮ ತಂದೆ..." ಎಂದ.

"ಹೋಗಿ ಏಳು ವರ್ಷ ಆಯ್ತು. ಒಳ್ಳೆಯವರು, ಸರ್. ಸ್ವಲ್ಪ ಬುರುಡೆ ಬಿಡ್ತಿದ್ರು, ಅಷ್ಟೇ. ಯಾರು ಬಿಡಲ್ಲ ಹೇಳಿ."

ದನಿಯಲ್ಲಿ ಕಹಿ ಇರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಸಿಟ್ಟಿದ್ದರೆ ಸಿಟ್ಟಿಗೆ ಉತ್ತರ ಕೊಡಬಹುದಿತ್ತು. ಅವಳು ಅಪ್ಪನನ್ನು ಸುಳ್ಳುಗಾರನೆಂದು ಒಪ್ಪಿ, ಕ್ಷಮಿಸಿ, ಅವನ ಬಿಲ್ಲೆಗೆ ಒಂದು ಕೆಲಸವನ್ನೂ ಹುಡುಕಿ ಕೊಟ್ಟಿದ್ದಳು. ಎಲ್ಲ ಮುಗಿದ ಮೇಲೆ ಈಗ ಅಸಲು ಎಂದು ಹೇಳಿದರೆ ಏನಾಗುತ್ತದೆ. ಸತ್ತವನು ಸುಳ್ಳುಗಾರನಲ್ಲ ಎಂದಾಗುತ್ತದೆ. ಹಾಗಾದರೆ ಬದುಕಿದ್ದಾಗ ಅವನನ್ನು ನಂಬದೆ ಇದ್ದವಳು ಯಾರು ಎಂಬ ಪ್ರಶ್ನೆ ಏಳುತ್ತದೆ. ತನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೆ ಅದನ್ನು ಅವಳ ತಲೆಯ ಮೇಲೆ ಹೇರಿದ ಹಾಗಾಗುವುದಿಲ್ಲವೇ. ಹೇಳದಿದ್ದರೆ ಯಾರಿಗೂ ಏನೂ ಇಲ್ಲ. ಕಾಗದಕ್ಕೆ ಭಾರವಾಗಿ ಇರುತ್ತದೆ, ಫ್ಯಾನು ತಿರುಗುತ್ತದೆ. ಎಷ್ಟು ಸಲೀಸಾಗಿ ನ್ಯಾಯ ಹೊಂದಿಸಿಕೊಳ್ಳುತ್ತದೆ ಈ ಬುದ್ಧಿ, ಎಂದು ಅವನಿಗೇ ಅಸಹ್ಯವಾಯಿತು. ಇದೂ ಅದೇ ಹೆದರಿಕೆ. ಆಗ ಎಚ್ಚರಿಕೆಯ ಅಂಗಿ ತೊಟ್ಟಿತ್ತು, ಈಗ ಕರುಣೆಯ ಅಂಗಿ ತೊಟ್ಟಿದೆ. ಎದ್ದು ಹೊರಟುಬಿಡೋಣ ಎನಿಸಿ ನಿಜವಾಗಿಯೂ ಅರ್ಧ ಎದ್ದ. ನೀಲಿ ಬಟ್ಟೆ ಸರ್ರನೆ ಜಾರಿತು. ಹಿಡಿದುಕೊಂಡು ಮತ್ತೆ ಕೂತ. ಪ್ಯಾಂಟಿಲ್ಲದ ಮನುಷ್ಯ ಎಲ್ಲಿಗೆ ಓಡುತ್ತಾನೆ. ಅವನಿಗೆ ನಗು ಬಂತು.

"ಹನ್ನೊಂದು ವರ್ಷದ ಹಿಂದೆ ನೀವು ಇದನ್ನ ಒಂದು ಕನ್ನಡಕದ ಡಬ್ಬೀಲಿ ಇಟ್ಕೊಂಡು ಒಂದು ಅಂಗಡಿಗೆ ಬಂದಿದ್ರಿ" ಎಂದ. "ಅವತ್ತು ಎರಕದ್ದು ಅಂದವನು ನಾನು."

ಆಚೆ ಹೊಲಿಗೆ ಬಿಚ್ಚುವ ಸದ್ದು ನಿಲ್ಲಲಿಲ್ಲ.

"ಗೊತ್ತು" ಎಂದಳು. "ನೀವು ಒಳಗೆ ಬಂದಾಗ್ಲೇ ಗುರುತು ಸಿಕ್ತು. ಕೊರಳಲ್ಲಿ ಆ ಗಾಜು ಇರ್ಲಿಲ್ಲ, ಅದಕ್ಕೇ ಒಂದು ನಿಮಿಷ ಅನುಮಾನ ಬಂತು. ಅದಕ್ಕೇನಂತೆ ಸರ್. ನಿಮ್ಮ ಕೆಲಸ ನೀವು ಮಾಡಿದ್ರಿ."

"ಮಾಡ್ಲಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಇರಬಹುದು, ಸಾಧ್ಯತೆಯಿದೆ, ಖಚಿತವಾಗಿ ಹೇಳಲಾಗದು ಎಂದು ಮೂವತ್ತೆರಡು ವರ್ಷ ಬರೆದು ರೂಢಿ. ಆ ಪದಗಳೆಲ್ಲ ಬಾಯಿಗೆ ಬಂದವು. ಬಿಟ್ಟ. "ಇದು ಅಸಲು. ಅವತ್ತೂ ಅಸಲೇ. ನಿಮ್ಮ ತಂದೆ ತಿಕ್ಕಿ ತಿಕ್ಕಿ ಮೇಲೆ ಸವೆದಿದೆ, ಸಂದೀಲಿ ಎಲ್ಲ ಹಾಗೇ ಇದೆ. ಅವತ್ತು ಕಿಟಕಿ ಹತ್ರ ತಗೊಂಡು ಹೋಗಿ ನೋಡಿದ್ರೆ ಕಾಣ್ತಿತ್ತು. ನಾನು ನೋಡ್ಲಿಲ್ಲ. ಹಿಂದಿನ ವಾರ ಒಂದು ತಪ್ಪು ಮಾಡಿ ಎಲ್ಲರ ಮುಂದೆ ನಗೆಪಾಟಲಾಗಿದ್ದೆ. ಹೆದರಿಕೊಂಡಿದ್ದೆ. ಅದಕ್ಕೆ ಇಲ್ಲ ಅಂದ್ಬಿಟ್ಟೆ. ನಿಮ್ಮ ತಂದೆ ಸುಳ್ಳು ಹೇಳ್ಲಿಲ್ಲ, ಅಮ್ಮಾ."

ಈಗ ಸದ್ದು ನಿಂತಿತು. ಕೆಳಗೆ ಚಾವಿಯವನು ಏನನ್ನೋ ಅರದಿಂದ ಉಜ್ಜುತ್ತಿದ್ದ, ಅದೊಂದೇ ಕೇಳುತ್ತಿತ್ತು. ಪರದೆಯ ಕೆಳಗಿನ ಸಂದಿಯಲ್ಲಿ ಅವಳ ಪಾದಗಳು ಕಾಣುತ್ತಿದ್ದವು, ಯಂತ್ರದ ಮೆಟ್ಟುಹಲಗೆಯ ಮೇಲೆ ಅಲ್ಲಾಡದೆ. ಬೈಯಲಿ ಎಂದು ಕಾದ. ಬೈದರೆ ಹಗುರಾಗುತ್ತಿತ್ತು.

"ಅವತ್ತು ಎಷ್ಟು ಹೊತ್ತು ನೋಡಿದ್ರಿ?" ಎಂದಳು ಕೊನೆಗೆ.

"ಒಂದು ನಿಮಿಷ ಇರಬಹುದು."

"ನಾನೂ ಅಷ್ಟೇ ಅಂದ್ಕೊಂಡಿದ್ದೆ." ಆಮೇಲೆ, "ತಂತಿಯ ಪಿನ್ನು?"

"ಪಿನ್ನು ಮುರಿದ್ರೆ ಸೈನಿಕರು ಸಿಕ್ಕಿದ್ರಲ್ಲಿ ರಿಪೇರಿ ಮಾಡ್ಕೊಳ್ತಿದ್ರು. ಟೆಲಿಫೋನ್ ತಂತಿ ಇದು. ನನಗೆ ಅದೂ ಗೊತ್ತಿತ್ತು."

"ಅಪ್ಪನೂ ಟೆಲಿಫೋನ್ ತಂತಿ ಅಂತಾನೇ ಅಂತಿದ್ರು" ಎಂದಳು.

ಎದ್ದ ಸದ್ದಾಯಿತು. ಪರದೆಯ ಪಕ್ಕದಿಂದ ಒಂದು ಕೈ ಕಂದು ಕಾಗದದ ಹಾಳೆಯನ್ನೂ ಪೆನ್ಸಿಲನ್ನೂ ಚಾಚಿತು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳು. "ಬರೆದು ಕೊಡಿ. ಚಿಕ್ಕಪ್ಪ ಇನ್ನೂ ಇದಾರೆ. ಕಿವಿ ಕೇಳಲ್ಲ, ಓದಕ್ಕೆ ಬರತ್ತೆ." ಅವನು ಕಿಟಕಿಯ ಹಲಗೆಯ ಮೇಲೆ ಕಾಗದ ಹಾಸಿ, ಹಾರದಿರಲೆಂದು ಮೂಲೆಗೆ ಬಿಲ್ಲೆಯನ್ನೇ ಇಟ್ಟು, ಬರೆಯತೊಡಗಿದ. ಅಂಗಡಿಯ ನಮೂನೆ ಅವನಿಗೆ ಕಂಠಪಾಠ. ಹಿಂಬದಿ: ಮೂಲ ಪಿನ್ನು ಇಲ್ಲ, ಯುದ್ಧಕಾಲದ ಕೈ ದುರಸ್ತಿ, ತಾಮ್ರದ ತಂತಿ. ಅಂಚು: ಅಚ್ಚಿನಲ್ಲಿ ಕತ್ತರಿಸಿದ ಗುರುತು ಸ್ಪಷ್ಟ, ಎರಕದ ಗುರುತಿಲ್ಲ. ಮುಖ: ಉಬ್ಬುಗಳಲ್ಲಿ ದೀರ್ಘಕಾಲ ತಿಕ್ಕಿದ ಸವೆತ, ಸಂದಿಗಳಲ್ಲಿ ಮೂಲ ಗೆರೆಗಳು ಪೂರ್ಣ. ಅಸಲು. 'ಇರಬಹುದು' ಎಂದು ಸೇರಿಸದೆ ಆ ಪದವೊಂದನ್ನೇ ಬರೆದದ್ದು ಅವನ ಜೀವಮಾನದಲ್ಲಿ ಅದೇ ಮೊದಲಿರಬೇಕು. ಆಮೇಲೆ ಅಭ್ಯಾಸಬಲದಿಂದ 'ಜೊತೆಗೆ ಬಂದ ಮಾತು' ಎಂದು ಬರೆದ. ಅಡ್ಡಗೆರೆ ಎಳೆಯಲು ಪೆನ್ಸಿಲು ಊರಿದವನು ಎಳೆಯಲಿಲ್ಲ.

"ನಿಮ್ಮ ತಂದೆ ಇದರ ಬಗ್ಗೆ ಏನು ಹೇಳ್ತಿದ್ರು?" ಎಂದು ಕೇಳಿದ. "ಅದನ್ನೂ ಬರೀಬೇಕು."

"ಅಯ್ಯೋ, ಅವರು ಹೇಳ್ತಿದ್ದದ್ದೆಲ್ಲ ಬರೆದ್ರೆ ಈ ಅಂಗಡಿ ಕಾಗದ ಸಾಲಲ್ಲ" ಎಂದಳು. ದನಿಯಲ್ಲಿ ಸಣ್ಣ ನಗುವಿತ್ತು. "ಅಧಿಕಾರಿಯ ಬೂಟು ನದೀಲಿ ತೇಲಿಹೋಗಿದ್ದು, ಅವನು ಒಂದೇ ಬೂಟಲ್ಲಿ ಕವಾಯತು ಮಾಡಿಸಿದ್ದು. ಅಡುಗೆಯವನು ಸೇತುವೆ ಮೇಲೆ ಗೊರಕೆ ಹೊಡೆದು ಕಾವಲಿನವನು ಗುಂಡು ಹಾರಿಸಿದ್ದು. ಎಲ್ಲ ನಗೋವಂಥವೇ. ಚಿಕ್ಕಪ್ಪ ಆಡ್ಕೊಳ್ತಿದ್ದದ್ದೂ ಅದಕ್ಕೇ. ಯುದ್ಧ ಅಂದ್ರೆ ಸರ್ಕಸ್ಸಾ ಅಂತ." ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. "ಒಂದು ಮಾತ್ರ ಬೇರೆ ಥರ ಇತ್ತು. ಅದನ್ನ ಒಂದೇ ಸಲ ಹೇಳಿದ್ದು. ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ, ಅವತ್ತು ಸಂಜೆ. ಡಬ್ಬಿ ನನ್ನ ಚೀಲದಲ್ಲಿರೋದು ನೋಡ್ಬಿಟ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಮುಖ ಅರಳ್ತು. ಮಗಳಿಗೆ ಇದರ ಮೇಲೆ ಪ್ರೀತಿ ಬಂದಿದೆ, ಅದಕ್ಕೇ ಜೊತೇಲಿ ಇಟ್ಕೊಂಡು ಓಡಾಡ್ತಿದಾಳೆ ಅಂತ ತಿಳ್ಕೊಂಡ್ರೇನೋ. ಪಕ್ಕಕ್ಕೆ ಕೂರಿಸ್ಕೊಂಡು, ಒಂದು ವಿಷಯ ಯಾರಿಗೂ ಹೇಳಿಲ್ಲ, ನಿಮ್ಮಮ್ಮಂಗೂ ಹೇಳಿಲ್ಲ, ಕೇಳು ಅಂದ್ರು."

ಅವನು ಪೆನ್ಸಿಲು ಹಿಡಿದು ಕಾದ.

"ಸೈನ್ಯ ಹಿಂದಕ್ಕೆ ಬರ್ತಿತ್ತಂತೆ. ದೋಣಿ ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ಸೇತುವೆ, ಅದರಲ್ಲಿರೋ ಹಾಗೆ. ಎಲ್ಲರೂ ದಾಟಿದ ಮೇಲೆ ಹಗ್ಗ ಕಡಿದು ತೇಲಿಬಿಡ್ಬೇಕು. ಕೊಡಲಿ ಅಪ್ಪನ ಕೈಲಿ. ಅಪ್ಪನ ಜೊತೆ ಒಂದೇ ತಟ್ಟೇಲಿ ಊಟ ಮಾಡ್ತಿದ್ದವನು ಒಬ್ಬ, ಕುಳ್ಳ ಅಂತ ಕರೀತಿದ್ರಂತೆ. ಗಾಯ ಆದವನೊಬ್ಬ ಆಚೆ ಉಳಿದಿದಾನೆ, ಹೊತ್ಕೊಂಡು ಬರ್ತೀನಿ, ಎರಡು ನಿಮಿಷ ತಡಿ ಅಂತ ಅಪ್ಪನಿಗೆ ಹೇಳಿ ವಾಪಸ್ ಹೋಗಿದ್ದ. ಶತ್ರುಗಳು ಬಂದ್ಬಿಟ್ರು. ಅಧಿಕಾರಿ ಕಡಿ ಕಡಿ ಅಂತ ಕೂಗ್ತಿದಾನೆ. ಅಪ್ಪ ಕೊಡಲಿ ಎತ್ತಿ ನಿಂತಿದಾರೆ. ಅಷ್ಟರಲ್ಲಿ ಆ ದಡದಲ್ಲಿ ಕುಳ್ಳ ಕಾಣಿಸ್ತಾನೆ. ಬೆನ್ನ ಮೇಲೆ ಗಾಯದವನು. ಒಂದು ಕೈ ಮೇಲಕ್ಕೆ ಎತ್ತಿದಾನೆ."

ಅವನು ಬೇಗ ಬೇಗ ಬರೆದುಕೊಳ್ಳುತ್ತಿದ್ದ. ಒಂದು ಕೈ ಮೇಲಕ್ಕೆ ಎತ್ತಿದ್ದಾನೆ, ಎಂದು ಬರೆದು ತಲೆಯೆತ್ತಿದ. ಆಚೆಯಿಂದ ಮಾತು ಬರಲಿಲ್ಲ.

"ಆಮೇಲೆ?"

"ಆಮೇಲೆ ಗೊತ್ತಿಲ್ಲ" ಎಂದಳು. "ಅಲ್ಲಿಗೆ ನಾನು, ಸಾಕು ಬಿಡಪ್ಪ, ಇನ್ನೆಷ್ಟು ಸುಳ್ಳು ಹೆಣೀತೀಯ ಅಂದ್ಬಿಟ್ಟೆ."

ಕೆಳಗೆ ಅರದ ಸದ್ದು ನಿಂತು, ಮತ್ತೆ ಶುರುವಾಯಿತು. "ಅವರು ಎದ್ದು ಹೋಗಿ ಕೈ ತೊಳ್ಕೊಂಡ್ರು. ಆಮೇಲೆ ನಾಲ್ಕು ವರ್ಷ ಇದ್ರು, ಬೂಟಿನ ಕಥೇನೂ ಹೇಳ್ಲಿಲ್ಲ" ಎಂದಳು. "ಅಷ್ಟೇ ಬರೀರಿ. ಎಲ್ಲಿಗೆ ನಿಂತಿತೋ ಅಲ್ಲಿಗೆ."

ಅವನು ಕಾಗದವನ್ನು ನೋಡಿದ. ಬರೆಯುವುದಕ್ಕೆ ಇನ್ನೂ ಬೇಕಾದಷ್ಟು ಜಾಗವಿತ್ತು. ಕೆಳಗೆ ತನ್ನ ಹೆಸರು ಹಾಕಿ, ಕಾಗದದ ಸಮೇತ ಬಿಲ್ಲೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಪರದೆಯ ಪಕ್ಕದಿಂದ ಆಚೆಗೆ ಹಿಡಿದ. ಸೊಂಟದ ಬಟ್ಟೆ ಸಡಿಲವಾಯಿತು; ಹಾಗೇ ನಿಂತ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಮೇಲೆ ಯಂತ್ರ ಮತ್ತೆ ಓಡತೊಡಗಿತು. ಇನ್ನೊಂದು ಪ್ಯಾಂಟು ಬಾಕಿಯಿತ್ತು.